ತುಮಕೂರಿನ ಬ್ರೆಡ್ ಬೇಕರಿಗೆ ಆಟೊಮೇಷನ್: ಹಿಟ್ಟಿನಿಂದ ರೋಬೋ ತನಕ ಹಂತ ಹಂತವಾಗಿ

ಬೇಕರಿ ಮೆಷಿನ್ ಮಾರುವವರ ವಿಡಿಯೊಗಳಲ್ಲಿ ಎಲ್ಲವೂ ಸಲೀಸು. ಹಿಟ್ಟಿನ ಉಂಡೆ ಒಂದರ ಹಿಂದೆ ಒಂದು ಬೀಳುತ್ತದೆ. ರೋಬೋ ತೋಳು ಬ್ರೆಡ್ ಎತ್ತಿ ಕ್ರೇಟಿಗೆ ಇಡುತ್ತದೆ. ಒಬ್ಬ ಮನುಷ್ಯ ಕೈ ಕಟ್ಟಿಕೊಂಡು ನೋಡುತ್ತಾ ನಿಂತಿರುತ್ತಾನೆ. ಅದೇ ಮೆಷಿನ್ ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಶೆಡ್ಡಿಗೆ ಬಂದು, ಏಪ್ರಿಲ್ ಸೆಕೆಯಲ್ಲಿ, ಬೋರ್‌ವೆಲ್ ನೀರಲ್ಲಿ ಕಲಸಿದ ಹಿಟ್ಟಿನ ಜೊತೆ ಏಗುವಾಗ ಕತೆಯೇ ಬೇರೆ.

ಅನುಭವ ಇರುವ ಮಾಸ್ಟರ್ ಹಿಟ್ಟು ಮುಟ್ಟಿ ನೋಡಿ, ಇವತ್ತು ಸ್ವಲ್ಪ ಬಿಗಿ ಇದೆ ಎಂದು ನೀರು ಸರಿ ಮಾಡಿಕೊಳ್ಳುತ್ತಾರೆ. ಮೆಷಿನ್‌ಗೆ ಆ ಕೈ ಇಲ್ಲ. ಕೊಟ್ಟದ್ದನ್ನು ಹಾಗೇ ಮುಂದಕ್ಕೆ ತಳ್ಳುತ್ತದೆ. ಅದಕ್ಕೇ ನಾನು ಹೇಳುವ ಕ್ರಮ ಇದು: ಹಿಟ್ಟು ಮೊದಲು, ತೂಕ ಆಮೇಲೆ, ಓವನ್ ಅದರ ನಂತರ, ರೋಬೋ ಎಲ್ಲಕ್ಕಿಂತ ಕೊನೆಗೆ. ದುಡ್ಡು ಕಳೆದುಕೊಳ್ಳುವವರು ಸಾಮಾನ್ಯವಾಗಿ ಇದನ್ನು ಉಲ್ಟಾ ಮಾಡುತ್ತಾರೆ.

ಲೆಕ್ಕಕ್ಕೆ ಒಂದು ಬೇಕರಿ ಇಟ್ಟುಕೊಳ್ಳೋಣ. ತುಮಕೂರಿನ ಹೊರವಲಯದಲ್ಲಿದೆ. ದಿನಕ್ಕೆ 400 ಗ್ರಾಂನ 6,000 ಬ್ರೆಡ್ ಮಾಡುತ್ತದೆ. ಬೆಳಗಿನ ಜಾವ 4 ಗಂಟೆಗೆ ವ್ಯಾನುಗಳು ಶಿರಾ, ಗುಬ್ಬಿ, ತಿಪಟೂರು, ಮಧುಗಿರಿ ಕಡೆ ಹೊರಡಬೇಕು. ಎರಡು ರೋಟರಿ ಓವನ್, ಒಂದು ಸ್ಪೈರಲ್ ಮಿಕ್ಸರ್ ಇವೆ. ಉಳಿದದ್ದೆಲ್ಲ ಕೈಕೆಲಸ.

ಹಂತ 1: ಗಡಿಯಾರ ಹಿಡಿದು ನಿಲ್ಲಿ

ಕೊಟೇಶನ್ ತರಿಸುವ ಮೊದಲು ಒಂದು ವಾರ ಬರೀ ಬರೆದಿಡಿ. ಪ್ರತಿ ಬ್ಯಾಚ್ ಮಿಕ್ಸರ್‌ಗೆ ಬಿದ್ದ ಹೊತ್ತು, ಓವನ್‌ಗೆ ಹೋದ ಹೊತ್ತು, ಪ್ಯಾಕ್ ಆದ ಹೊತ್ತು. ಎಷ್ಟು ಬ್ರೆಡ್ ಒಡೆಯಿತು, ಎಷ್ಟು ಕುಸಿಯಿತು, ಎಷ್ಟು ವಾಪಸ್ ಬಂತು.

ಆಮೇಲೆ ವ್ಯಾನ್ ಹೊರಡುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ. ತಣಿಯಲು ಸುಮಾರು ಒಂದೂವರೆ ಗಂಟೆ. ಬೇಯಲು ಅರ್ಧ ಗಂಟೆ. ಟಿನ್‌ನಲ್ಲಿ ಉಬ್ಬಲು ಒಂದು ಗಂಟೆ. ನಾದುವುದು, ಕತ್ತರಿಸುವುದು, ಸುತ್ತುವುದು ಸೇರಿ ಇನ್ನೊಂದು ಮುಕ್ಕಾಲು ಗಂಟೆ. ಸ್ಲೈಸಿಂಗ್, ಪ್ಯಾಕಿಂಗ್ ಸೇರಿಸಿದರೆ ಒಂದು ಬ್ಯಾಚ್‌ಗೆ ನಾಲ್ಕು ಗಂಟೆ ದಾಟುತ್ತದೆ. ಇದರಲ್ಲಿ ದೊಡ್ಡ ಪಾಲು ಕಾಯುವ ಹೊತ್ತು. ಈಸ್ಟ್ ಉಬ್ಬುವುದನ್ನು, ಬ್ರೆಡ್ ತಣಿಯುವುದನ್ನು ಯಾವ ರೋಬೋ ಕೂಡ ಬೇಗ ಮಾಡಿಸಲಾರದು. ಆಟೊಮೇಷನ್‌ನಿಂದ ಉಳಿಯುವುದು ಕೈಕೆಲಸದ ಹೊತ್ತು ಮತ್ತು ವ್ಯರ್ಥ ಮಾತ್ರ. ಇದು ತಲೆಯಲ್ಲಿದ್ದರೆ ಮಾರಾಟಗಾರರ ಅರ್ಧ ಮಾತು ತಾನಾಗೇ ಜರಡಿಯಾಗುತ್ತದೆ.

ಹಂತ 2: ಹಿಟ್ಟಿನ ಬಿಸಿ ಒಂದೇ ಅಂಕೆಗೆ ತನ್ನಿ

ಬ್ರೆಡ್ ಹಿಟ್ಟು ಮಿಕ್ಸರ್‌ನಿಂದ ಹೊರಬರುವಾಗ 26ರಿಂದ 28 ಡಿಗ್ರಿ ಇರಬೇಕು. ಕೈಯಲ್ಲಿ ಮಾಡುವಾಗ ಒಂದೆರಡು ಡಿಗ್ರಿ ಆಚೀಚೆ ಆದರೂ ನಡೆಯುತ್ತದೆ. ಮೆಷಿನ್ ಲೈನಿನಲ್ಲಿ ನಡೆಯುವುದಿಲ್ಲ. 31 ಡಿಗ್ರಿಯ ಹಿಟ್ಟು ಅದನ್ನು ತುಂಡು ಮಾಡುವ ಡಿವೈಡರ್ ಬಾಯಲ್ಲೇ ಉಬ್ಬಲು ಶುರು ಮಾಡುತ್ತದೆ, ಬೆಲ್ಟಿಗೆ ಅಂಟುತ್ತದೆ, ತುಂಡನ್ನು ಉಂಡೆ ಕಟ್ಟುವ ರೌಂಡರ್‌ನಲ್ಲಿ ಎರಡು ಉಂಡೆ ಒಂದಾಗುತ್ತವೆ. ಆಗ ಎಲ್ಲರೂ ಬೈಯುವುದು ಮೆಷಿನ್‌ನ್ನು.

ಇದಕ್ಕೆ ಬೇಕಾದ ಲೆಕ್ಕ ಸುಲಭ. ಬೇಕಾದ ಬಿಸಿಯನ್ನು ಮೂರರಿಂದ ಗುಣಿಸಿ. ಅದರಿಂದ ಮೈದಾದ ಬಿಸಿ, ಕೋಣೆಯ ಬಿಸಿ, ಮಿಕ್ಸರ್ ತಿಕ್ಕಾಟದಿಂದ ಏರುವ ಬಿಸಿ, ಈ ಮೂರನ್ನೂ ಕಳೆಯಿರಿ. ಉಳಿದದ್ದೇ ನೀರಿಗೆ ಇರಬೇಕಾದ ಬಿಸಿ.

ಬೇಸಿಗೆಯ ಒಂದು ದಿನ ನೋಡೋಣ. ಬೇಕಾದದ್ದು 27. ಮೂರರಿಂದ ಗುಣಿಸಿದರೆ 81. ಮೈದಾ 31, ಕೋಣೆ 33, ತಿಕ್ಕಾಟಕ್ಕೆ 12. ಒಟ್ಟು 76. ಅಂದರೆ ನೀರು 5 ಡಿಗ್ರಿ ಇರಬೇಕು. ಟ್ಯಾಂಕಿನ ನೀರು 28 ಡಿಗ್ರಿ ಇದೆ. ಈಗ ಐಸ್ ಬೇಕು ಅಲ್ವಾ? 100 ಕಿಲೋ ಮೈದಾಕ್ಕೆ 60 ಲೀಟರ್ ನೀರು ಹಿಡಿದರೆ, 60ನ್ನು 23ರಿಂದ ಗುಣಿಸಿ 108ರಿಂದ ಭಾಗಿಸಿ. ಆ 23 ಅಂದರೆ ಇಳಿಸಬೇಕಾದ ಡಿಗ್ರಿ. 108 ಅಂದರೆ ಟ್ಯಾಂಕ್ ನೀರಿನ ಬಿಸಿಗೆ 80 (ಐಸ್ ಕರಗುವಾಗ ಹೀರುವ ಶಾಖದ ಅಂಕೆ) ಸೇರಿಸಿದ್ದು. ಸುಮಾರು 13 ಕಿಲೋ ಐಸ್, 47 ಲೀಟರ್ ನೀರು ಎಂದು ಬರುತ್ತದೆ. ತಿಕ್ಕಾಟದ ಅಂಕೆ ಪ್ರತಿ ಮಿಕ್ಸರ್‌ಗೂ ಬೇರೆ. ಒಂದು ಬ್ಯಾಚ್ ಮಾಡಿ, ಹಿಟ್ಟಿನ ಬಿಸಿ ಅಳೆದು, ಇದೇ ಲೆಕ್ಕವನ್ನು ಹಿಂದಕ್ಕೆ ಮಾಡಿದರೆ ನಿಮ್ಮ ಅಂಕೆ ಸಿಗುತ್ತದೆ.

ಹಾಗಾಗಿ ನಿಮ್ಮ ಆಟೊಮೇಷನ್‌ನ ಮೊದಲ ಖರೀದಿ ಒಂದು ವಾಟರ್ ಚಿಲ್ಲರ್ ಮತ್ತು ನೀರು ಅಳೆದು ಹಾಕುವ ಮೀಟರ್. ನೋಡಲು ಏನೂ ಥ್ರಿಲ್ ಇಲ್ಲ. ಆದರೆ ಇಡೀ ಲೈನಿನಲ್ಲಿ ಇಷ್ಟು ಬೇಗ ದುಡ್ಡು ವಾಪಸ್ ಕೊಡುವ ಸಾಮಾನು ಇನ್ನೊಂದಿಲ್ಲ.

ಮೈದಾ ವಿಷಯ ಬಂದರೆ, 6,000 ಬ್ರೆಡ್‌ಗೆ ದಿನಕ್ಕೆ ಸುಮಾರು 1,600 ಕಿಲೋ ಬೇಕು, ಅಂದರೆ 50 ಕಿಲೋದ 32 ಚೀಲ. ಇಷ್ಟಕ್ಕೆ ಸೈಲೋ ಬೇಡ. ಚೀಲ ಸುರಿಯುವ ತೊಟ್ಟಿ, ಅದರ ಕೆಳಗೆ ಜರಡಿ ಮತ್ತು ಮ್ಯಾಗ್ನೆಟ್ ಸಾಕು. ಮಿಲ್ ಬದಲಾಯಿಸಿದಾಗ ಮೈದಾ ನೀರು ಹೀರುವ ಪ್ರಮಾಣವೂ ಬದಲಾಗುತ್ತದೆ. ಆ ಪರೀಕ್ಷೆಗೆ, ಸಲಹೆಗೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಮೆಷಿನ್ ಹೊಡೆತ ತಡೆಯಲಿ ಎಂದು ಇಂಪ್ರೂವರ್ ಹಾಕುವುದಾದರೆ ಪೊಟ್ಟಣದ ಹಿಂಭಾಗ ಓದಿ. ಪೊಟ್ಯಾಸಿಯಂ ಬ್ರೋಮೇಟ್ 2016ರಿಂದ ನಿಷೇಧವಾಗಿದೆ.

ಹಂತ 3: ತೂಕ ಹಿಡಿಯಿರಿ

400 ಗ್ರಾಂ ಬ್ರೆಡ್‌ಗೆ ಹಿಟ್ಟು 455 ಗ್ರಾಂ ಬೇಕು. ಬೇಯುವಾಗ, ತಣಿಯುವಾಗ ಶೇ. 12ರಷ್ಟು ತೂಕ ಹೋಗುತ್ತದೆ. ಕೈಯಲ್ಲಿ ಕತ್ತರಿಸುವವರು ಕಡಿಮೆ ಆಗಬಾರದು ಎಂದು ಸ್ವಲ್ಪ ಜಾಸ್ತಿಯೇ ಹಾಕುತ್ತಾರೆ. ಸರಾಸರಿ 12 ಗ್ರಾಂ ಜಾಸ್ತಿ ಹೋಯಿತು ಎಂದುಕೊಳ್ಳಿ. 6,000 ಬ್ರೆಡ್‌ಗೆ 72 ಕಿಲೋ ಹಿಟ್ಟು. ಅದರಲ್ಲಿ ಮೈದಾ ಒಂದೇ 42 ಕಿಲೋ. ದಿನಕ್ಕೆ ಹತ್ತಿರ ಹತ್ತಿರ ಒಂದು ಚೀಲ ಮೈದಾ ಸುಮ್ನೆ ಹೋಗುತ್ತಿದೆ.

ಕಡಿಮೆ ಹಾಕಿದರೆ ಕಾನೂನು ಕಾಯುತ್ತಿದೆ. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳ ಪ್ರಕಾರ 400 ಗ್ರಾಂ ಪ್ಯಾಕಿನಲ್ಲಿ ಶೇ. 3, ಅಂದರೆ 12 ಗ್ರಾಂ ತನಕ ಮಾತ್ರ ಕೊರತೆಗೆ ಅವಕಾಶ. ಅದೂ ಒಂದೊಂದು ಪ್ಯಾಕಿಗೆ. ಲಾಟಿನ ಸರಾಸರಿ 400ಕ್ಕಿಂತ ಕೆಳಗೆ ಹೋಗುವಂತಿಲ್ಲ.

ಡಿವೈಡರ್‌ಗಳಲ್ಲಿ ಹೆಚ್ಚಿನವು ಹಿಟ್ಟನ್ನು ತೂಗುವುದಿಲ್ಲ, ಗಾತ್ರದಿಂದ ಅಳೆಯುತ್ತವೆ. ಸಿಲಿಂಡರ್ ತುಂಬಿದಷ್ಟು ಒಂದು ತುಂಡು. ಹಾಪರ್‌ನಲ್ಲಿ, ಅಂದರೆ ಮೆಷಿನ್ ಮೇಲಿನ ತೊಟ್ಟಿಯಲ್ಲಿ, ಹಿಟ್ಟು ಅರ್ಧ ಗಂಟೆ ಕೂತರೆ ಒಳಗೆ ಗಾಳಿ ತುಂಬುತ್ತದೆ. ಗಾತ್ರ ಅದೇ, ತೂಕ ಕಡಿಮೆ. ಬ್ಯಾಚಿನ ಕೊನೆಯ ಉಂಡೆಗಳು ಹಗುರ ಬರುವುದಕ್ಕೆ ಇದೇ ಕಾರಣ. ಹಾಪರ್‌ಗೆ ಬಿದ್ದ ಹಿಟ್ಟು 15 ನಿಮಿಷದಲ್ಲಿ ಖಾಲಿಯಾಗುವಂತೆ ಬ್ಯಾಚ್ ಗಾತ್ರ ಇಡಿ. ಡಿವೈಡರ್ ಆದ ಮೇಲೆ ಬೆಲ್ಟ್ ಮೇಲೇ ಉಂಡೆ ತೂಗುವ ಒಂದು ಚೆಕ್‌ವೇಯರ್ ಇಟ್ಟರೆ ಇನ್ನೂ ಒಳ್ಳೆಯದು. ಆಗದಿದ್ದರೆ ಹತ್ತು ನಿಮಿಷಕ್ಕೊಮ್ಮೆ ಐದು ಉಂಡೆ ತೂಗಿ ಬೋರ್ಡಿನಲ್ಲಿ ಬರೆಯುವ ಪದ್ಧತಿ ಮಾಡಿ. ಡಿವೈಡರ್‌ಗೆ ಹಾಕುವ ಎಣ್ಣೆ ಫುಡ್ ಗ್ರೇಡ್ ಆಗಿರಬೇಕು. ಶಿಫ್ಟ್ ಮುಗಿದ ಕೂಡಲೇ ಬಿಚ್ಚಿ ತೊಳೆಯಬೇಕು. ಬೆಳಿಗ್ಗೆ ನೋಡೋಣ ಎಂದು ಬಿಟ್ಟರೆ ಒಣಗಿದ ಹಿಟ್ಟು ಸಿಮೆಂಟಿನಂತೆ ಹಿಡಿದಿರುತ್ತದೆ.

ಹಂತ 4: ಓವನ್ ಎಷ್ಟು ತಿನ್ನುತ್ತದೋ ಅಷ್ಟೇ ಲೈನು

ನನಗೆ ಕೇಳಿದರೆ ಇಡೀ ಯೋಜನೆಯಲ್ಲಿ ಮುಖ್ಯ ಪುಟ ಇದೇ. ಒಂದು ಟ್ರಾಲಿಗೆ 160 ಬ್ರೆಡ್ ಹಿಡಿಯುತ್ತದೆ ಎಂದುಕೊಳ್ಳಿ. ಬೇಯಲು 30 ನಿಮಿಷ. ಬಾಗಿಲು ತೆಗೆದು ಹಾಕಿ, ಮತ್ತೆ ಬಿಸಿ ಏರಲು 5 ನಿಮಿಷ. 35 ನಿಮಿಷಕ್ಕೆ 160 ಅಂದರೆ ಗಂಟೆಗೆ 274. ಎರಡು ಓವನ್‌ಗೆ 548. 6,000 ಬ್ರೆಡ್‌ಗೆ ಹನ್ನೊಂದು ಗಂಟೆ.

ಈಗ ಯಾರೋ ಗಂಟೆಗೆ 1,500 ಉಂಡೆ ಕತ್ತರಿಸುವ ಡಿವೈಡರ್ ಮಾರಲು ಬರುತ್ತಾರೆ. ತೆಗೆದುಕೊಂಡರೆ ಏನಾಗುತ್ತದೆ? 100 ಕಿಲೋ ಮೈದಾದ ಬ್ಯಾಚ್ ಹಾಕಿದಿರಿ. 170 ಕಿಲೋ ಹಿಟ್ಟು, 370 ಉಂಡೆ ಚಿಲ್ಲರೆ. ಕಾಲು ಗಂಟೆಯಲ್ಲಿ ಎಲ್ಲ ಟಿನ್ನಿಗೆ ಬಿದ್ದವು. ಎರಡು ಟ್ರಾಲಿ ಓವನ್ ಒಳಗೆ ಹೋದವು. ಮೂರನೆಯದು 35 ನಿಮಿಷ ಹೊರಗೆ ನಿಂತು ಉಬ್ಬಿ ಉಬ್ಬಿ ಕುಸಿಯಿತು. ಮೆಷಿನ್ ವೇಗ ಹೆಚ್ಚಿದಷ್ಟೂ ಹಾಳಾಗುವುದೂ ಜಾಸ್ತಿ.

ಸರಿಯಾದ ದಾರಿ ಬ್ಯಾಚನ್ನು ಟ್ರಾಲಿಗೆ ಹೊಂದಿಸುವುದು. 40 ಕಿಲೋ ಮೈದಾ ಹಾಕಿದರೆ 68 ಕಿಲೋ ಹಿಟ್ಟು, ಸುಮಾರು 149 ಉಂಡೆ. ಒಂದು ಟ್ರಾಲಿ ಹತ್ತಿರ ಹತ್ತಿರ ತುಂಬಿತು. ಎರಡು ಓವನ್ ಇದ್ದರೆ ಪ್ರತಿ 17-18 ನಿಮಿಷಕ್ಕೆ ಒಂದು ಟ್ರಾಲಿ ಬೇಕು, ಅಂದರೆ ಪ್ರತಿ 17-18 ನಿಮಿಷಕ್ಕೆ ಒಂದು ಬ್ಯಾಚ್. ತುಂಬುವುದು, ನಾದುವುದು, ಹೊರತೆಗೆಯುವುದು ಎಲ್ಲ ಸೇರಿ ಇಷ್ಟರಲ್ಲಿ ಮುಗಿಯಲು ಬಟ್ಟಲು ಬೇರ್ಪಡುವ ಮಿಕ್ಸರ್, ಎರಡು ಬಟ್ಟಲು ಅನುಕೂಲ. ಡಿವೈಡರ್ ಗಂಟೆಗೆ 900 ಕೊಟ್ಟರೆ ಸಾಕು.

ಎಂಟು ಗಂಟೆಯಲ್ಲಿ ಮುಗಿಸಬೇಕು ಎಂದರೆ ಗಂಟೆಗೆ 750 ಬೇಕು, ಮೂರನೇ ಓವನ್ ಬೇಕು. ದಿನಕ್ಕೆ 15-20 ಸಾವಿರ ದಾಟಿದರೆ, ಬೆಲ್ಟ್ ಮೇಲೆ ಬ್ರೆಡ್ ಸಾಗುತ್ತಲೇ ಬೇಯುವ ಟನಲ್ ಓವನ್ ಬಗ್ಗೆ ಯೋಚಿಸಿ. ಅದಕ್ಕಿಂತ ಮೊದಲು ಬೇಡ. ಟನಲ್ ಓವನ್ ನಿಂತು ನಿಂತು ಓಡುವ ಕೆಲಸಕ್ಕೆ ಆಗದು. ಒಮ್ಮೆ ಕಾಯಿಸಿದರೆ ತಾಸುಗಟ್ಟಲೆ ಒಂದೇ ಸಮ ಬ್ರೆಡ್ ಬರುತ್ತಿರಬೇಕು.

ಟಿನ್‌ನಲ್ಲಿ ಹಿಟ್ಟು ಉಬ್ಬಿಸುವ ಕೋಣೆ, ಅಂದರೆ ಪ್ರೂಫರ್‌ಗೆ ಎರಡು ಮಾತು. ಒಳಗೆ 35ರಿಂದ 38 ಡಿಗ್ರಿ, ತೇವ ಶೇ. 75ರಿಂದ 85. ಎರಡನ್ನೂ ಬೇರೆ ಬೇರೆ ಸೆನ್ಸರ್ ನೋಡಿಕೊಳ್ಳಬೇಕು. ಡಿಸೆಂಬರ್ ರಾತ್ರಿ ಮತ್ತು ಏಪ್ರಿಲ್ ರಾತ್ರಿ ಒಂದೇ ಟೈಮರ್ ಇಟ್ಟು ಮಾಡುವ ಬೇಕರಿಯಲ್ಲಿ ಬ್ರೆಡ್ ಎತ್ತರ ಎಂದೂ ಒಂದೇ ಸಮ ಬರುವುದಿಲ್ಲ.

ಹಂತ 5: ಕರೆಂಟ್, ನೀರು, ಧೂಳು

ಮೆಷಿನ್ ಪಟ್ಟಿ ಗಟ್ಟಿಯಾದ ಮೇಲೆ ಎಲ್ಲದರ ಕಿಲೋವ್ಯಾಟ್ ಕೂಡಿಸಿ, ಬೆಸ್ಕಾಂನಲ್ಲಿ ನಿಮಗೆ ಮಂಜೂರಾದ ಲೋಡ್ ಜೊತೆ ಹೋಲಿಸಿ. ಲೋಡ್ ಹೆಚ್ಚಿಸಿಕೊಳ್ಳಲು ಅರ್ಜಿ ಹಾಕುವುದು ಮೆಷಿನ್ ಆರ್ಡರ್ ಮಾಡುವ ಮೊದಲು. ಎಷ್ಟೋ ಕಡೆ ಮೆಷಿನ್ ಬಂದು ಪ್ಲಾಸ್ಟಿಕ್ ಕವರ್‌ನಲ್ಲೇ ತಿಂಗಳುಗಟ್ಟಲೆ ಕೂರುವುದು ಇದೇ ಕಾರಣಕ್ಕೆ. ಪಿಎಲ್‌ಸಿ (ಲೈನನ್ನು ನಡೆಸುವ ಸಣ್ಣ ಕಂಪ್ಯೂಟರ್) ಮತ್ತು ಟಚ್ ಸ್ಕ್ರೀನ್‌ಗೆ ಯುಪಿಎಸ್ ಕಡ್ಡಾಯ. ಕರೆಂಟ್ ಹೋಗಿ ಜನರೇಟರ್ ಬರುವ ಅರ್ಧ ನಿಮಿಷದಲ್ಲಿ ಪಿಎಲ್‌ಸಿ ರೀಸ್ಟಾರ್ಟ್ ಆದರೆ ಯಾವ ಟಿನ್ ಎಲ್ಲಿದೆ ಎಂಬುದನ್ನೇ ಅದು ಮರೆತಿರುತ್ತದೆ. ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಫೇಸ್ ಫೇಲ್ಯೂರ್ ರಿಲೇ ಇರಲಿ. ಟನಲ್ ಓವನ್ ಆದರೆ ಬೆಲ್ಟನ್ನು ಕೈಯಿಂದ ತಿರುಗಿಸುವ ಹಿಡಿ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಕರೆಂಟ್ ಹೋದಾಗ ಒಳಗಿನ ಬ್ರೆಡ್ ಎಲ್ಲ ಇದ್ದಿಲು.

ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಪ್ರೂಫರ್‌ನ ಹಬೆ ನಳಿಕೆ, ಹ್ಯುಮಿಡಿಫೈಯರ್ ಸುಣ್ಣ ಕಟ್ಟಿ ಮುಚ್ಚಿಹೋಗುತ್ತವೆ. ಅವಕ್ಕೆ ಸಾಫ್ಟ್‌ನರ್ ಅಥವಾ ಆರ್‌ಒ ನೀರು ಕೊಡಿ. ಆದರೆ ಪೂರ್ತಿ ಆರ್‌ಒ ನೀರಲ್ಲಿ ಹಿಟ್ಟು ಕಲಸಬೇಡಿ. ತೀರಾ ಮೆದು ನೀರಿನಲ್ಲಿ ಹಿಟ್ಟು ಅಂಟಂಟಾಗುತ್ತದೆ, ಮೆಷಿನ್‌ಗೆ ಅದೇ ತಲೆನೋವು. ಎರಡನ್ನೂ ಬೆರೆಸಿ ಗಡಸುತನ ಲೀಟರ್‌ಗೆ 100ರಿಂದ 150 ಮಿಲಿಗ್ರಾಂ ಬರುವಂತೆ ಇಟ್ಟುಕೊಳ್ಳಿ.

ಮೈದಾ ಧೂಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಲೆಕ್ಟ್ರಿಕ್ ಪ್ಯಾನಲ್ ಫ್ಯಾನ್‌ಗಳಿಗೆ ಹೊಕ್ಕು, ಮೋಟರ್ ವೇಗ ಹೊಂದಿಸುವ ವಿಎಫ್‌ಡಿ ಸುಡುತ್ತದೆ. ಕೆಲಸದವರಿಗೆ ಉಬ್ಬಸ ತರುತ್ತದೆ. ಮುಚ್ಚಿದ ಜಾಗದಲ್ಲಿ ದಟ್ಟವಾಗಿ ತೇಲುತ್ತಿದ್ದರೆ ಒಂದು ಕಿಡಿಗೆ ಸ್ಫೋಟಿಸಲೂಬಹುದು. ಪ್ಯಾನಲ್‌ಗಳನ್ನು ಚೀಲ ಸುರಿಯುವ ಜಾಗದಿಂದ ದೂರ ಇಡಿ. ಕಂಪ್ರೆಸರ್ ಗಾಳಿಯಲ್ಲಿ ಧೂಳು ಊದುವ ಅಭ್ಯಾಸ ಇವತ್ತೇ ನಿಲ್ಲಿಸಿ, ವ್ಯಾಕ್ಯೂಮ್ ಬಳಸಿ.

ಹಂತ 6: ತಣಿಸಿ, ಕತ್ತರಿಸಿ, ಪರೀಕ್ಷಿಸಿ

ಓವನ್‌ನಿಂದ ಬಂದ ಬ್ರೆಡ್‌ನ ನಡುಭಾಗ 95 ಡಿಗ್ರಿ ಆಸುಪಾಸು ಇರುತ್ತದೆ. ಅದು 38ಕ್ಕೆ ಇಳಿಯದೆ ಸ್ಲೈಸರ್‌ಗೆ ಹಾಕಿದರೆ ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ. ಬಿಸಿಯಾಗೇ ಪ್ಯಾಕ್ ಮಾಡಿದರೆ ಒಳಗೆ ಬೆವರಿ ಬೂಷ್ಟು ಬರುತ್ತದೆ. ಅವಸರ ಎಂದು ಬ್ರೆಡ್ ಎದುರು ಪೆಡೆಸ್ಟಲ್ ಫ್ಯಾನ್ ಇಡುವುದು ಎಲ್ಲ ಕಡೆ ಕಾಣುವ ದೃಶ್ಯ. ಅದು ಕೋಣೆಯ ಧೂಳನ್ನೂ ಬೂಷ್ಟಿನ ಬೀಜವನ್ನೂ ಬ್ರೆಡ್ ಮೇಲೆ ಸುರಿಯುತ್ತದೆ. ಫಿಲ್ಟರ್ ಮಾಡಿದ ಗಾಳಿ ಬರುವ ಪ್ರತ್ಯೇಕ ಕೋಣೆ ಮಾಡಿ.

ಮೆಟಲ್ ಡಿಟೆಕ್ಟರ್ ಪ್ಯಾಕಿಂಗ್ ಆದ ಮೇಲೆ ಇರಬೇಕು. ಸ್ಲೈಸರ್ ಬ್ಲೇಡ್ ತುಂಡಾಗುವುದು ಅದಕ್ಕಿಂತ ಹಿಂದಿನ ಹಂತದಲ್ಲಲ್ಲವೇ. ಕಬ್ಬಿಣ, ಹಿತ್ತಾಳೆ, ಸ್ಟೀಲ್ ಮೂರು ಬಗೆಯ ಟೆಸ್ಟ್ ತುಂಡುಗಳನ್ನು ಗಂಟೆಗೊಮ್ಮೆ ಹಾಯಿಸಿ ಬರೆದಿಡಿ.

ಒಂದೇ ಲೈನಿನಲ್ಲಿ ಮೊಟ್ಟೆ ಹಾಕಿದ ಕೇಕ್ ಮತ್ತು ಎಗ್‌ಲೆಸ್ ಮಾಲು ಮಾಡುವ ಆಸೆ ಇದ್ದರೆ ಬಿಟ್ಟುಬಿಡಿ. ಬೆಲ್ಟ್ ಸಂದಿ, ನಳಿಕೆ ಎಲ್ಲ ತೊಳೆದು ಮುಗಿಸುವಷ್ಟರಲ್ಲಿ ಶಿಫ್ಟೇ ಮುಗಿಯುತ್ತದೆ. ಅಯ್ಯಂಗಾರ್ ಬೇಕರಿ ರುಚಿಗೆ ಒಗ್ಗಿದ ನಮ್ಮ ಗಿರಾಕಿಗಳು ಹಸಿರು ಚುಕ್ಕೆಯನ್ನು ನಂಬಿ ಕೊಳ್ಳುತ್ತಾರೆ.

ಹಂತ 7: ಈಗ ರೋಬೋ

ಕ್ರೇಟ್ ಜೋಡಿಸುವ ರೋಬೋ ಎಲ್ಲರಿಗೂ ಮೊದಲು ಕಣ್ಣಿಗೆ ಬೀಳುವುದು. ಲೆಕ್ಕ ಹಾಕೋಣ. ಗಂಟೆಗೆ 548 ಬ್ರೆಡ್, ಕ್ರೇಟಿಗೆ 12. ಗಂಟೆಗೆ 46 ಕ್ರೇಟ್. ನಿಮಿಷಕ್ಕೆ ಒಂದೂ ಆಗಲಿಲ್ಲ. ಒಬ್ಬ ಮನುಷ್ಯ ಬೇರೆ ಕೆಲಸದ ನಡುವೆ ಮಾಡಿ ಮುಗಿಸುತ್ತಾನೆ. ನಮ್ಮ ಉದಾಹರಣೆಯ ಬೇಕರಿಗೆ ಈ ರೋಬೋ ಬೇಡ. ಗಂಟೆಗೆ ಎರಡು ಮೂರು ಸಾವಿರ ಬ್ರೆಡ್ ಬರುವ ಕಡೆ, ಬೆನ್ನು ನೋವಿನಿಂದ ಜನ ಬಿಟ್ಟು ಹೋಗುವ ಕಡೆ ಅದು ಸಾರ್ಥಕ.

ತೋಳಿನ ಭಾರ ಹೊರುವ ಶಕ್ತಿ ನೋಡುವಾಗ ಬ್ರೆಡ್ ತೂಕ ಮಾತ್ರ ನೋಡಬೇಡಿ. 12 ಬ್ರೆಡ್ 4.8 ಕಿಲೋ. ಕ್ರೇಟ್ ಸುಮಾರು 2 ಕಿಲೋ, ಹಿಡಿಯುವ ಗ್ರಿಪ್ಪರ್ ಇನ್ನೊಂದು 2. ಒಟ್ಟು 9 ಹತ್ತಿರ. 10 ಕಿಲೋ ಎಂದು ಬರೆದ ತೋಳು ಪೂರ್ತಿ ಚಾಚಿದಾಗ ಇಷ್ಟು ಹೊತ್ತು ವೇಗವಾಗಿ ಓಡಲು ಕಷ್ಟಪಡುತ್ತದೆ. ಒಂದು ಸೈಜ್ ಮೇಲಿನದು ತೆಗೆದುಕೊಳ್ಳಿ.

ಈ ಗಾತ್ರದ ಬೇಕರಿಗೂ ರೋಬೋ ಹೊಂದುವ ಜಾಗ ಎರಡು ಇವೆ. ಒಂದು, ಬಿಸಿ ಟಿನ್‌ನಿಂದ ಬ್ರೆಡ್ ಬಿಡಿಸುವುದು. ಕೈ ಸುಟ್ಟುಕೊಳ್ಳುವ ಕೆಲಸ, ಯಾರಿಗೂ ಇಷ್ಟವಿಲ್ಲ. ರಬ್ಬರ್ ಕಪ್‌ಗಳ ವ್ಯಾಕ್ಯೂಮ್ ಹೆಡ್ ಒಂದು ಸಾಲು ಬ್ರೆಡ್ ಒಟ್ಟಿಗೆ ಎತ್ತುತ್ತದೆ. ಶಾಖ ತಡೆಯುವ ಸಿಲಿಕೋನ್ ಕಪ್ ಇರಬೇಕು. ಬ್ರೆಡ್ ಪುಡಿ ಫಿಲ್ಟರ್‌ಗೆ ಕಟ್ಟಿಕೊಳ್ಳುವುದರಿಂದ ದಿನಾ ಬಿಚ್ಚಿ ತೊಳೆಯಬೇಕು.

ಇನ್ನೊಂದು, ಕಪ್ ಕೇಕ್, ರಸ್ಕ್, ಬಿಸ್ಕತ್ತಿನಂಥ ಸಣ್ಣ ಮಾಲನ್ನು ಟ್ರೇಗೆ ಜೋಡಿಸುವುದು. ಇದಕ್ಕೆ ಮೇಲಿನಿಂದ ಮೂರು ಸಣ್ಣ ಕೈ ಇಳಿಬಿಟ್ಟ ಡೆಲ್ಟಾ ರೋಬೋ ಬರುತ್ತದೆ. 1980ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ರೇಮಂಡ್ ಕ್ಲಾವೆಲ್ ರೂಪಿಸಿದ್ದು. ಮೋಟರ್‌ಗಳೆಲ್ಲ ಮೇಲೆ ಕೂತಿರುವುದರಿಂದ ಕೈ ಹಗುರ, ನಿಮಿಷಕ್ಕೆ ನೂರಕ್ಕೂ ಜಾಸ್ತಿ ಎತ್ತಿಡುತ್ತದೆ. ಜೊತೆಗೆ ಕ್ಯಾಮೆರಾ ಬೇಕು. ಕ್ಯಾಮೆರಾಗೆ ಒಂದೇ ಸಮನಾದ ಬೆಳಕು ಬೇಕು. ಪಕ್ಕದ ಕಿಟಕಿಯ ಬಿಸಿಲು ಸಂಜೆ 4 ಗಂಟೆಗೆ ಬೆಲ್ಟ್ ಮೇಲೆ ಬಿದ್ದರೆ ಕ್ಯಾಮೆರಾ ಅರ್ಧ ಕಪ್ ಕೇಕ್ ಬಿಟ್ಟುಬಿಡುತ್ತದೆ. ಮೊದಲು ಕಿಟಕಿ ಮುಚ್ಚಿ.

ಖಾರಾ ಬನ್, ದಿಲ್‌ಪಸಂದ್ ಮಾತ್ರ ಕೈಯಲ್ಲೇ ಇರಲಿ. ಆಕಾರ ಒಂದೊಂದು ಥರ, ಮಾಲು ಕಡಿಮೆ, ರುಚಿ ಕೈಯದ್ದು.

ಕೋಬಾಟ್ (ಮನುಷ್ಯರ ಪಕ್ಕದಲ್ಲೇ ಕೆಲಸ ಮಾಡಲು ರೂಪಿಸಿದ ರೋಬೋ) ಎಂದರೆ ಬೇಲಿ ಬೇಡ ಎಂದು ಮಾರುವವರು ಹೇಳುತ್ತಾರೆ. ತೋಳು ಮನುಷ್ಯನಿಗೆ ತಾಗಿದರೆ ನಿಲ್ಲುತ್ತದೆ, ನಿಜ. ಆದರೆ ಅದರ ಕೈಯಲ್ಲಿ ಕೇಕ್ ಕತ್ತರಿಸುವ ಬ್ಲೇಡ್ ಇದ್ದರೆ? ರೋಬೋ ಸುರಕ್ಷತೆಯ ಮಾನದಂಡ ಐಎಸ್‌ಒ 10218 ನೋಡುವುದು ತೋಳನ್ನು ಮಾತ್ರವಲ್ಲ, ಗ್ರಿಪ್ಪರ್, ಹೊರೆ, ಸುತ್ತಲಿನ ಜಾಗ ಎಲ್ಲವನ್ನೂ. ಬೇಲಿ ಅಥವಾ ಲೈಟ್ ಕರ್ಟನ್ (ಬೆಳಕಿನ ಗೆರೆ ದಾಟಿದರೆ ಮೆಷಿನ್ ನಿಲ್ಲಿಸುವ ಸಾಧನ) ಬಜೆಟ್‌ನಲ್ಲಿ ಇರಲಿ. ಗ್ರಿಪ್ಪರ್, ಕನ್ವೇಯರ್, ಬೇಲಿ, ಪ್ರೋಗ್ರಾಮಿಂಗ್ ಸೇರಿ ತೋಳಿನ ಬೆಲೆಯಷ್ಟೇ ಇನ್ನೊಮ್ಮೆ ಖರ್ಚಾಗುತ್ತದೆ ಎಂದು ಲೆಕ್ಕ ಹಾಕಿ.

ಹಂತ 8: ದುಡ್ಡಿನ ಲೆಕ್ಕ

ಒಂದು ವಿಷಯ ತುಂಬ ಜನರ ಲೆಕ್ಕದಲ್ಲಿ ತಪ್ಪಿಹೋಗುತ್ತದೆ. ಸಾದಾ ಬ್ರೆಡ್‌ಗೆ ಜಿಎಸ್‌ಟಿ ಇಲ್ಲ. ಹಾಗಾಗಿ ಬ್ರೆಡ್ ಮೆಷಿನ್ ಮೇಲೆ ಕೊಟ್ಟ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ (ಕೊಟ್ಟ ತೆರಿಗೆಯನ್ನು ಮುರಿದುಕೊಳ್ಳುವ ಅವಕಾಶ) ಕೂಡ ಇಲ್ಲ, ಅದು ಪೂರ್ತಿ ನಿಮ್ಮ ಖರ್ಚು. ಅದೇ ಲೈನಿನಲ್ಲಿ ರಸ್ಕ್, ಕೇಕ್ ಕೂಡ ಮಾಡಿದರೆ ಪಾಲು ಹಾಕಿ ಸ್ವಲ್ಪ ಪಡೆಯಬಹುದು. ಆರ್ಡರ್ ಹಾಕುವ ಮೊದಲೇ ಆಡಿಟರ್ ಜೊತೆ ಕೂತು ಮಾತಾಡಿ.

ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗೆ ಕೇಂದ್ರ ಸರ್ಕಾರ 2020ರಲ್ಲಿ ಪಿಎಂಎಫ್‌ಎಂಇ ಯೋಜನೆ ಶುರು ಮಾಡಿತು. ಕೇಂದ್ರದ ಸಬ್ಸಿಡಿ ಶೇ. 35. ಕರ್ನಾಟಕ ಸರ್ಕಾರ ಶೇ. 15 ಸೇರಿಸಿ ಒಟ್ಟು ಶೇ. 50, ಗರಿಷ್ಠ 15 ಲಕ್ಷ ರೂಪಾಯಿ ಕೊಡುತ್ತಾ ಬಂದಿದೆ. ಯೋಜನೆ ಈಗಲೂ ಇದೆಯೇ, ಅರ್ಜಿ, ಗಡುವು ಏನು ಎಂದು ಜಿಲ್ಲಾ ಕೃಷಿ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಇದು ಬ್ಯಾಂಕ್ ಸಾಲಕ್ಕೆ ಜೋಡಿಸಿದ ಸಬ್ಸಿಡಿ. ಕೈಯಿಂದ ದುಡ್ಡು ಕೊಟ್ಟು ಮೆಷಿನ್ ತಂದು ಆಮೇಲೆ ಅರ್ಜಿ ಹಾಕಿದರೆ ಸಿಗುವುದಿಲ್ಲ.

ಹಂತ 9: ಟ್ರಯಲ್, ಜನ, ಕೊನೆಯ ಕಂತು

ಮೆಷಿನ್ ತಯಾರಾಗುವ ಜಾಗಕ್ಕೇ ಹೋಗಿ ಟ್ರಯಲ್ ನೋಡಿ. ಹೋಗುವಾಗ ನಿಮ್ಮ ಮೈದಾ, ನಿಮ್ಮ ಈಸ್ಟ್, ನಿಮ್ಮ ಮಾಸ್ಟರ್ ಮೂವರನ್ನೂ ಕರೆದುಕೊಂಡು ಹೋಗಿ. ಅವರ ಹಿಟ್ಟಿನಲ್ಲಿ ಅವರ ಮೆಷಿನ್ ಚೆನ್ನಾಗೇ ಓಡುತ್ತದೆ. ಎರಡು ಗಂಟೆ ಬಿಡದೆ ಓಡಿಸಿ, 100 ಉಂಡೆ ತೂಗಿ. ಕ್ಯಾಟಲಾಗ್‌ನಲ್ಲಿ ಬರೆದ ವೇಗದಲ್ಲಿ ಮುಕ್ಕಾಲು ಪಾಲು ಮಾತ್ರ ನಿಮ್ಮ ಶೆಡ್ಡಿನಲ್ಲಿ ಸಿಗುತ್ತದೆ ಎಂದು ಹಿಡಿಯಿರಿ.

ಹಳೇ ಕೆಲಸದವರನ್ನು ಕಳಿಸಿ ಹೊಸ ಆಪರೇಟರ್ ತರುವ ಯೋಚನೆ ನನಗೆ ಸರಿ ಕಾಣುವುದಿಲ್ಲ. ಹಿಟ್ಟು ಗೊತ್ತಿರುವವರಿಗೆ ಬಟನ್ ಕಲಿಸುವುದು ಸುಲಭ, ಬಟನ್ ಗೊತ್ತಿರುವವರಿಗೆ ಹಿಟ್ಟು ಕಲಿಸುವುದು ಕಷ್ಟ. ಟಚ್ ಸ್ಕ್ರೀನ್‌ನಲ್ಲಿ ಕನ್ನಡ ಇರಲಿ ಎಂದು ಆರ್ಡರ್‌ನಲ್ಲೇ ಬರೆಸಿ. ಅಲಾರಂ ಬಂದಾಗ ರಾತ್ರಿ 2 ಗಂಟೆಗೆ ಯಾರಿಗೂ ಫೋನ್ ಮಾಡದೆ ಓದಿಕೊಳ್ಳುವಂತಿರಬೇಕು. ಮೆಂಟೆನೆನ್ಸ್‌ಗೆ ಮಾತ್ರ ಒಬ್ಬ ಐಟಿಐ ಅಥವಾ ಡಿಪ್ಲೊಮಾ ಓದಿದವರನ್ನು ತೆಗೆದುಕೊಳ್ಳಿ, ತುಮಕೂರಿನಲ್ಲಿ ಸಿಗುತ್ತಾರೆ. ಮೆಷಿನ್ ಒಳಗೆ ಕೈ ಹಾಕುವ ಮೊದಲು ಮೇನ್ ಆಫ್ ಮಾಡಿ, ಬೀಗ ಹಾಕಿ, ಕೀಲಿ ತನ್ನ ಜೇಬಿನಲ್ಲೇ ಇಟ್ಟುಕೊಳ್ಳುವುದು ಅವರಿಗೆ ಮೊದಲ ದಿನದ ಪಾಠ.

ಸರ್ವಿಸ್ ಎಂಜಿನಿಯರ್ ಎಲ್ಲಿಂದ ಬರುತ್ತಾರೆ ಎಂದು ಕೇಳಿ. ಬೆಂಗಳೂರಿನ ಪೀಣ್ಯದಿಂದಾದರೆ ಹೈವೇಯಲ್ಲಿ ಎರಡು ಗಂಟೆಯೊಳಗೆ ಬರಬಹುದು. ಪುಣೆ, ದೆಹಲಿಯಿಂದಾದರೆ ಒಂದೆರಡು ದಿನದ ಮಾಲು ಹೋಯಿತೆಂದೇ ಲೆಕ್ಕ. ದೂರದ ಮೆಷಿನ್ ಆದರೆ ಬೆಲ್ಟ್, ಬೇರಿಂಗ್, ಸೀಲ್, ಸೆನ್ಸರ್, ಒಂದು ವಿಎಫ್‌ಡಿ ಮೊದಲೇ ತಂದು ಕಪಾಟಿನಲ್ಲಿಡಿ.

ಕೊನೆಯ ಶೇ. 10 ಹಣವನ್ನು ತಡೆದಿಟ್ಟುಕೊಳ್ಳಿ. ಅದನ್ನು ಬಿಡುವ ಮೊದಲು ನಾಲ್ಕು ಸಾಮಾನು ನಿಮ್ಮ ಕೈಗೆ ಬಂದಿರಬೇಕು: ಪಾಸ್‌ವರ್ಡ್ ಸಮೇತ ಪಿಎಲ್‌ಸಿ ಪ್ರೋಗ್ರಾಂನ ಬ್ಯಾಕಪ್, ವೈರಿಂಗ್ ನಕ್ಷೆ, ಸ್ಪೇರ್ ಪಾರ್ಟ್ ನಂಬರ್‌ಗಳ ಪಟ್ಟಿ, ನಿಮ್ಮ ಶೆಡ್ಡಿನಲ್ಲಿ ನಿಮ್ಮ ಮೈದಾ ಹಾಕಿ ಮೂರು ರಾತ್ರಿ ಓಡಿಸಿದ ತೂಕದ ದಾಖಲೆ. ಪಾಸ್‌ವರ್ಡ್ ಆಮೇಲೆ ಕಳಿಸುತ್ತೇವೆ ಎಂದರೆ ಹಣವೂ ಆಮೇಲೆಯೇ.